ಸಹಿ ಹಾಕಿದ ಸೂಪರ್‌ಹೀರೋ ಕಾಮಿಕ್ಸ್: ಅಸಲಿ ಗುರುತಿಸೋದು, ಸಹಿ ಹಾಕಿಸೋದು, ಕಾಪಾಡೋದು

ಶಿರಾಗೇಟ್ (ತುಮಕೂರು)

ಎಲ್ಲರಿಗೂ ನಮಸ್ಕಾರ. ವಾಟ್ಸಾಪ್ ಗುಂಪೊಂದರಲ್ಲಿ, ಸ್ಪೈಡರ್-ಮ್ಯಾನ್ ಸೃಷ್ಟಿಸಿದವರಲ್ಲಿ ಒಬ್ಬರಾದ ಸ್ಟಾನ್ ಲೀ ಸಹಿ ಇರುವ ಸ್ಪೈಡರ್-ಮ್ಯಾನ್ ಕಾಮಿಕ್ ಮಾರಾಟಕ್ಕೆ ಬಂದಿದೆ. ಸ್ಲ್ಯಾಬ್ ಆಗಿಲ್ಲ (ಅಂದರೆ ಕಂಪನಿಯವರು ಪರೀಕ್ಷಿಸಿ, ಲೇಬಲ್ ಹಾಕಿ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿದ್ದಲ್ಲ), ಬಿಡಿ ಪುಸ್ತಕ. ಮುಖಪುಟದ ಮೇಲೆ ಕಪ್ಪು ಮಾರ್ಕರ್‌ನಲ್ಲಿ ಸಹಿ, ಜೊತೆಗೆ ಹೊಲೊಗ್ರಾಂ ಅಂಟಿಸಿದ ಪ್ರಮಾಣಪತ್ರ. 18,000 ರೂಪಾಯಿ ಹೇಳ್ತಿದ್ದಾರೆ. ತಗೋಬಹುದಾ?

ಇನ್ನೊಂದು, ಬೆಂಗಳೂರು ಕಾಮಿಕ್ ಕಾನ್ ಮೇಳಕ್ಕೆ ಪುಸ್ತಕ ತಗೊಂಡು ಹೋಗಿ ಸಹಿ ಹಾಕಿಸೋರು ಏನೇನು ಸಿದ್ಧ ಮಾಡ್ಕೊಂಡು ಹೋಗಬೇಕು? ಯಾವ ಪೆನ್ನು, ಮುಖಪುಟದಲ್ಲಿ ಯಾವ ಜಾಗ? 1991ರ ಎಕ್ಸ್-ಮೆನ್ ಮೊದಲ ಸಂಚಿಕೆ, ಸ್ಪೈಡರ್-ಮ್ಯಾನ್ ಇಂಡಿಯಾ ಮೊದಲ ಸಂಚಿಕೆ, ರಾಜ್ ಕಾಮಿಕ್ಸ್‌ನ ಹೀರೋ ನಾಗರಾಜನ ಕೆಲವು ಹಳೇ ಪುಸ್ತಕ ಇವೆ. ಮನೆಗೆ ತಂದ ಮೇಲೆ ನಮ್ಮ ಕಡೆ ಬಿಸಿಲು, ಧೂಳಿನಲ್ಲಿ ಇಡೋದು ಹೇಗೆ ಅನ್ನೋದನ್ನೂ ತಿಳಿದವರು ಹೇಳಿ.

ಅಂತರಗಂಗೆ (ಕೋಲಾರ)

ಸದ್ಯಕ್ಕೆ ದುಡ್ಡು ಕಳಿಸಬೇಡಿ. ಮೊದಲು ಪುಸ್ತಕದ ವಯಸ್ಸು ನೋಡಿ, ಸಹಿ ನೋಡೋದು ಆಮೇಲೆ.

ಸ್ಟಾನ್ ಲೀ ತೀರಿಕೊಂಡಿದ್ದು 2018ರ ನವೆಂಬರ್ 12. ಒಳಗಿನ ಮೊದಲ ಪುಟದ ಕೆಳಗೋ ಕೊನೆಯ ಪುಟದಲ್ಲೋ ಸಣ್ಣ ಅಕ್ಷರದಲ್ಲಿ ಪ್ರಕಾಶನದ ವಿವರ, ವರ್ಷ ಇರುತ್ತೆ. ಅಲ್ಲಿ 2019 ಅಥವಾ ಅದರ ನಂತರದ ವರ್ಷ ಕಂಡರೆ ಮುಂದೆ ನೋಡುವ ಅಗತ್ಯವೇ ಇಲ್ಲ. ಹಳೇ ಸಂಚಿಕೆಗಳನ್ನು ಜಾಹೀರಾತಿನ ಸಮೇತ ಹಾಗೇ ಮತ್ತೆ ಅಚ್ಚು ಹಾಕಿದ ಫ್ಯಾಕ್ಸಿಮಿಲಿ ಪ್ರತಿಗಳು ಈಗ ಸಿಕ್ಕಾಪಟ್ಟೆ ಇವೆ. 1962ರ ಮುಖಪುಟ, 12 ಸೆಂಟ್ ಬೆಲೆ ಎಲ್ಲ ಹಳೇದರ ಹಾಗೇ ಕಾಣುತ್ತೆ. ಕಾಗದ ಮಾತ್ರ ಬೆಳ್ಳಗೆ, ನುಣುಪಾಗಿ ಇರುತ್ತೆ. ಅದರ ಮೇಲೆ ಸಹಿ ಗೀಚಿ ಮಾರೋದು ಮಾಮೂಲಿ ಆಗಿಬಿಟ್ಟಿದೆ.

ವರ್ಷ ಸರಿ ಇದ್ದರೆ ಲೂಪ್ ತಗೊಳ್ಳಿ. ಚಿನ್ನ ಬೆಳ್ಳಿ ಅಂಗಡಿಯವರು ಹರಳು ನೋಡೋಕೆ ಬಳಸುವ 10 ಪಟ್ಟಿನ ಲೂಪ್ ಸಾಕು. ಮೂರು ಬಗೆಯ ಮೋಸ ಇದೆ.

ಮೊದಲನೆಯದು ಅಚ್ಚಾದ ಸಹಿ. ಲೂಪ್‌ನಲ್ಲಿ ಗೆರೆ ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದು ಕಾಣುತ್ತೆ, ಅಥವಾ ಸುತ್ತಲಿನ ಚಿತ್ರದ ಮಟ್ಟದಲ್ಲೇ ಕೂತಿರುತ್ತೆ. ಮಾರ್ಕರ್‌ನ ಶಾಯಿ ಚಿತ್ರದ ಮೇಲೆ ಬೇರೆ ಪದರವಾಗಿ ಕೂರುತ್ತೆ. ಪುಸ್ತಕವನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಶಾಯಿಯ ಹೊಳಪು, ಮುಖಪುಟದ ಹೊಳಪು ಬೇರೆ ಬೇರೆ ಅಂತ ಕಣ್ಣಿಗೇ ಗೊತ್ತಾಗುತ್ತೆ.

ಎರಡನೆಯದು ಯಂತ್ರದ ಸಹಿ. ಗೆರೆಯ ದಪ್ಪ ಮೊದಲಿಂದ ಕೊನೆವರೆಗೂ ಒಂದೇ ಸಮ, ಶುರುವಾಗುವ ಜಾಗದಲ್ಲೂ ನಿಲ್ಲುವ ಜಾಗದಲ್ಲೂ ಒಂದೊಂದು ದುಂಡು ಚುಕ್ಕೆ. ಇಂಥದೇ ಇನ್ನೊಂದು ಸಹಿಯ ಮೇಲೆ ಇಟ್ಟು ನೋಡಿದರೆ ಕೂದಲಷ್ಟೂ ವ್ಯತ್ಯಾಸ ಇರಲ್ಲ. ಮನುಷ್ಯರ ಕೈ ಎರಡು ಸಲ ಒಂದೇ ಥರ ಬರೆಯಲ್ಲ.

ಮೂರನೆಯದು ಕೈಯಿಂದ ನಕಲು ಮಾಡಿದ್ದು, ಇದೇ ಹೆಚ್ಚು. ನೂರಾರು ಜನಕ್ಕೆ ಸಹಿ ಹಾಕಿ ಪಳಗಿದ ಕೈ ಸರ್ರನೆ ಓಡುತ್ತೆ. ಗೆರೆಯ ಕೊನೆ ಬಾಲದ ಹಾಗೆ ತೆಳ್ಳಗಾಗುತ್ತೆ. ನಕಲು ಮಾಡುವವರು ನಿಧಾನ ಬರೀತಾರೆ. ತಿರುವಿನಲ್ಲಿ ಪೆನ್ನು ತಡೆಯುತ್ತೆ, ಅಲ್ಲಿ ಶಾಯಿ ಮಡುಗಟ್ಟುತ್ತೆ, ಉದ್ದ ಗೆರೆ ನಡುಗುತ್ತೆ. ಅಕ್ಷರದ ಆಕಾರಕ್ಕಿಂತ ಗೆರೆಯ ವೇಗ ನೋಡಿ. ಆಕಾರ ಯಾರು ಬೇಕಾದರೂ ಕಲೀತಾರೆ.

ಇನ್ನು ಪ್ರಮಾಣಪತ್ರ. ಅದನ್ನು ಕೊಟ್ಟವರು ಯಾರು, ಆ ಸಂಖ್ಯೆ ಅವರದೇ ಜಾಲತಾಣದಲ್ಲಿ ಸಿಗುತ್ತಾ, ಸಿಕ್ಕರೆ ಅಲ್ಲಿ ಇದೇ ಪುಸ್ತಕದ ಫೋಟೊ ಇದೆಯಾ? ಈ ಮೂರೂ ಇಲ್ಲದಿದ್ದರೆ ಆ ಹೊಲೊಗ್ರಾಂ ಯಾವ ಜೆರಾಕ್ಸ್ ಅಂಗಡಿಯಲ್ಲಿ ಬೇಕಾದರೂ ಸಿಗುವ ಸ್ಟಿಕ್ಕರ್ ಅಷ್ಟೇ.

ಬಿಬಿ ರಸ್ತೆ ಕಾಮಿಕ್ಸ್ (ಚಿಕ್ಕಬಳ್ಳಾಪುರ)

ಅಂತರಗಂಗೆ ಅಣ್ಣ ಹೇಳಿದ್ದಕ್ಕೆ ಸ್ಲ್ಯಾಬ್ ವಿಚಾರ ಸೇರಿಸ್ತೀನಿ. ಹಳದಿ ಲೇಬಲ್ ಕಂಡ ತಕ್ಷಣ ಎಲ್ಲ ಸರಿ ಅಂತ ತಿಳ್ಕೊಳ್ಳೋರು ತುಂಬಾ ಜನ.

ಕಾಮಿಕ್ಸ್ ಪರೀಕ್ಷಿಸಿ ದರ್ಜೆ ಕೊಟ್ಟು ಸ್ಲ್ಯಾಬ್ ಮಾಡುವ ಅಮೆರಿಕದ ಕಂಪನಿ ಸಿಜಿಸಿ ಶುರುವಾಗಿದ್ದು 2000ದಲ್ಲಿ. ಅವರ ಸಿಗ್ನೇಚರ್ ಸೀರೀಸ್ ಹಳದಿ ಲೇಬಲ್ ಮೂಲತಃ ಹೇಳೋದು ಒಂದೇ ಮಾತು: ಕಲಾವಿದರು ಸಹಿ ಹಾಕುವಾಗ ನಮ್ಮ ಕಡೆಯ ಸಾಕ್ಷಿ ಎದುರಿಗೇ ಇದ್ದರು. ಸಾಕ್ಷಿ ಇಲ್ಲದ ಸಹಿಗೆ ಹಸಿರು ಲೇಬಲ್ ಬರಬಹುದು. ನೀಲಿ ಲೇಬಲ್ ಮಾಮೂಲಿ ಪುಸ್ತಕಕ್ಕೆ. ಅಲ್ಲಿ ಸಹಿಯನ್ನ ಮುಖಪುಟದ ಮೇಲಿನ ಬರವಣಿಗೆ ಅಂತ ದೋಷದ ಲೆಕ್ಕಕ್ಕೆ ಹಾಕ್ತಾರೆ. ನೇರಳೆ ಲೇಬಲ್ ಅಂದರೆ ಬಣ್ಣ ತುಂಬಿಯೋ ಹರಿದದ್ದು ಅಂಟಿಸಿಯೋ ಪುಸ್ತಕ ರಿಪೇರಿ ಆಗಿದೆ ಅಂತ. ಇಂಥದೇ ಇನ್ನೊಂದು ಕಂಪನಿ ಸಿಬಿಸಿಎಸ್‌ನವರು ಆಮೇಲೆ ಪರೀಕ್ಷೆ ಮಾಡಿದ ಸಹಿಗೆ ಕೆಂಪು ಲೇಬಲ್ ಕೊಡ್ತಾರೆ. "ಕಣ್ಣಾರೆ ನೋಡಿದೆವು" ಅನ್ನೋದು ಒಂದು, "ನೋಡಿದರೆ ಸರಿ ಅನ್ನಿಸುತ್ತೆ" ಅನ್ನೋದು ಇನ್ನೊಂದು. ಎರಡಕ್ಕೂ ಒಂದೇ ಬೆಲೆ ಕೊಡಬೇಡಿ.

ಈ ಲೆಕ್ಕದಲ್ಲಿ ಕೆಲವು ಹೆಸರು ಬಾಯಿಪಾಠ ಇರಲಿ. ಸೂಪರ್‌ಮ್ಯಾನ್ ಸೃಷ್ಟಿಸಿದ ಜೋ ಶುಸ್ಟರ್ 1992ರಲ್ಲಿ ತೀರಿಕೊಂಡರು, ಜೆರ್ರಿ ಸೀಗಲ್ 1996ರಲ್ಲಿ. ಮಾರ್ವೆಲ್‌ನ ಎಷ್ಟೋ ಹೀರೋಗಳನ್ನ ಚಿತ್ರಿಸಿದ ಜ್ಯಾಕ್ ಕರ್ಬಿ 1994, ಬ್ಯಾಟ್‌ಮ್ಯಾನ್‌ನ ಬಾಬ್ ಕೇನ್ 1998. ಇವರ ಸಹಿಗೆ ಸಿಜಿಸಿ ಸಾಕ್ಷಿ ಇರೋದು ಸಾಧ್ಯವೇ ಇಲ್ಲ. "ಸಾಕ್ಷಿ ಇದ್ದ ಕರ್ಬಿ ಸಹಿ" ಅಂತ ಯಾರಾದರೂ ತೋರಿಸಿದರೆ ಲೇಬಲ್ಲೇ ನಕಲಿ. ಬ್ಯಾಟ್‌ಮ್ಯಾನ್‌ಗೆ ರೂಪ ಕೊಟ್ಟವರಲ್ಲಿ ಒಬ್ಬರಾದ ಬಿಲ್ ಫಿಂಗರ್ ತೀರಿಕೊಂಡಿದ್ದು 1974ರಲ್ಲಿ, ಅಧಿಕೃತವಾಗಿ ಅವರ ಹೆಸರು ಹಾಕೋಕೆ ಶುರುವಾಗಿದ್ದು 2015ರಲ್ಲಿ. ಬದುಕಿದ್ದಾಗ ಹೆಸರೇ ಹಾಕದವರ ಸಹಿಯನ್ನ ಯಾರು ಕೇಳಿ ಬರೆಸಿಕೊಂಡಿರ್ತಾರೆ? ಅವರ ಸಹಿ ಅಂತ ಬಂದರೆ ಇನ್ನೂ ಹೆಚ್ಚು ಅನುಮಾನ ಪಡಬೇಕು. ಸ್ಪೈಡರ್-ಮ್ಯಾನ್ ಮೊದಲು ಚಿತ್ರಿಸಿದ ಸ್ಟೀವ್ ಡಿಟ್ಕೋ 2018ರವರೆಗೂ ಇದ್ದರು, ಆದರೆ ಜನರ ಮುಂದೆ ಬರ್ತಾನೇ ಇರಲಿಲ್ಲ.

ಸ್ಲ್ಯಾಬ್ ಕೊಳ್ಳುವಾಗ ಲೇಬಲ್‌ನ ಸಂಖ್ಯೆಯನ್ನ ಕಂಪನಿಯ ತಾಣದಲ್ಲಿ ಹಾಕಿ. ಹಳೇ ಸ್ಕ್ಯಾನ್ ಇದ್ದರೆ ಬೆನ್ನಿನ ಮೇಲಿನ ಗೆರೆ, ಮೂಲೆಯ ಮಡಿಕೆ, ಪಿನ್ನಿನ ಜಾಗ ಒಂದೊಂದಾಗಿ ತಾಳೆ ನೋಡಿ. ಪೆಟ್ಟಿಗೆ ಬಿಚ್ಚಿ ಒಳಗಿನ ಪುಸ್ತಕ ಬದಲಿಸಿದ ಪ್ರಕರಣ 2023ರ ಕೊನೆಯಲ್ಲಿ ದೊಡ್ಡ ಸುದ್ದಿಯಾಗಿತ್ತು. ಪೆಟ್ಟಿಗೆಯ ಅಂಚಿನಲ್ಲಿ ಬೆಳ್ಳಗೆ ಒತ್ತಿದ ಗುರುತು, ಬಿರುಕು, ಅಂಟಿನ ಕಲೆ ಇದ್ದರೆ ಬಿಟ್ಟುಬಿಡಿ. ಒಳಗೆ ಕಾಮನಬಿಲ್ಲಿನ ಥರ ಬಣ್ಣದ ಉಂಗುರ ಕಂಡರೆ ಮಾತ್ರ ಹೆದರಬೇಡಿ. ಎರಡು ಪ್ಲಾಸ್ಟಿಕ್ ಹಾಳೆ ಒಂದಕ್ಕೊಂದು ತಾಗಿದಾಗ ಬೆಳಕಿಂದ ಆಗೋದು ಅದು.

ಶಿರಾಗೇಟ್ (ತುಮಕೂರು)

ಪ್ರಕಾಶನದ ಪುಟದ ಫೋಟೊ ತರಿಸಿದೆ. 2022 ಅಂತ ಇದೆ.

ಅಂತರಗಂಗೆ (ಕೋಲಾರ)

ಅಲ್ಲಿಗೆ ಮುಗೀತು. ಮಾರುವವರಿಗೂ ಇದು ಗೊತ್ತಿಲ್ಲದೇ ಇರಬಹುದು, ಗುಂಪಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಎರಡು ದಿನಾಂಕವನ್ನೂ ಹಾಕಿ. ಇನ್ನೊಬ್ಬರು ಕೊಳ್ಳೋದು ತಪ್ಪುತ್ತೆ. ಇಂಥ ಖರೀದಿಯಲ್ಲಿ ಯುಪಿಐನಲ್ಲಿ ಒಮ್ಮೆ ಹೋದ ದುಡ್ಡು ವಾಪಸ್ ಬರೋದು ಕಷ್ಟ. ಹೊರದೇಶದವರಿಗೆ ಪೇಪಾಲ್‌ನಲ್ಲಿ ಕಳಿಸೋದಾದರೆ ಸರಕು ಖರೀದಿ ಅಂತಲೇ ಕಳಿಸಿ. ಸ್ನೇಹಿತರಿಗೆ ಕಳಿಸುವ ದಾರಿಯಲ್ಲಿ ಹಾಕಿ ಅಂತ ಕೇಳಿದರೆ ಆ ವ್ಯಾಪಾರವೇ ಬೇಡ.

ಕಾಗದದಕ್ಕ (ಶಿಡ್ಲಘಟ್ಟ)

ಸಹಿ ಹಾಕಿಸುವ ವಿಚಾರಕ್ಕೆ ಬರ್ತೀನಿ. ಎಲ್ಲಕ್ಕಿಂತ ಮುಖ್ಯ ಕೆಲಸದ ಕ್ರಮ. ಪುಸ್ತಕ ಒತ್ತಿಸೋದಿದ್ದರೆ, ಅಂದರೆ ಶಾಖ ಕೊಟ್ಟು ಮಡಿಕೆ ತೆಗೆಸೋದಿದ್ದರೆ, ಅದು ಸಹಿಗೆ ಮುಂಚೆ ಆಗಬೇಕು. ಸಹಿ ಆದ ಮೇಲೆ ಶಾಖ ತಾಗಿದರೆ ಪೇಂಟ್ ಪೆನ್ನಿನ ಬಣ್ಣ ಮೃದುವಾಗಿ ಮೇಲಿನ ಹಾಳೆಗೆ ಅಂಟಿ ಎದ್ದು ಬರುತ್ತೆ. ಮನೆಯ ಇಸ್ತ್ರಿಪೆಟ್ಟಿಗೆಯನ್ನಂತೂ ಯಾವ ಹೊತ್ತಲ್ಲೂ ಮುಟ್ಟಿಸಬೇಡಿ, ಅದರ ಶಾಖ ಒಂದೇ ಸಮ ಇರಲ್ಲ.

ಪೆನ್ನು ಆರಿಸೋದು ಮುಖಪುಟದ ಕಾಗದ ನೋಡಿ.

ಹೊಳಪಿನ ಮುಖಪುಟಕ್ಕೆ, ತಿಳಿ ಬಣ್ಣದ ಜಾಗದಲ್ಲಾದರೆ, ಫೈನ್ ಮೊನೆಯ ಕಪ್ಪು ಶಾರ್ಪಿ ಮಾರ್ಕರ್ ಸಾಕು. ಆಕಾಶ, ಗೋಡೆ, ಖಾಲಿ ಹಿನ್ನೆಲೆ ಹುಡುಕಿ. ಕಡು ನೀಲಿ, ಕಪ್ಪು ಹಿನ್ನೆಲೆಗೆ ಬೆಳ್ಳಿ ಅಥವಾ ಚಿನ್ನದ ಬಣ್ಣದ ಎಣ್ಣೆ ಆಧಾರಿತ ಪೇಂಟ್ ಪೆನ್ನು. ಅದನ್ನು ಮುಚ್ಚಳ ಹಾಕಿಯೇ ಚೆನ್ನಾಗಿ ಅಲ್ಲಾಡಿಸಿ, ರಟ್ಟಿನ ಮೇಲೆ ಮೊನೆ ಒತ್ತಿ ಬಣ್ಣ ಇಳಿಸಿ, ಎರಡು ಮೂರು ಗೆರೆ ಎಳೆದು ಸಮ ಬರ್ತಿದೆಯಾ ನೋಡಿ, ಆಮೇಲೆ ಕಲಾವಿದರ ಕೈಗೆ ಕೊಡಿ. ನೇರ ಕೊಟ್ಟರೆ ಮೊದಲ ಅಕ್ಷರದಲ್ಲೇ ಬಣ್ಣ ಗುಳ್ಳೆಯಾಗಿ ಸುರಿಯುತ್ತೆ. ಅಲ್ಲಾಡಿಸದೆ ಬರೆದರೆ ಲೋಹದ ಪುಡಿ ತಳದಲ್ಲೇ ಉಳಿದು ಬರೀ ಎಣ್ಣೆ ಬರುತ್ತೆ. ಅದು ಸರಿಯಾಗಿ ಕಚ್ಚಲ್ಲ, ಮುಂದೆ ಚೂರು ಚೂರಾಗಿ ಉದುರುತ್ತೆ.

ಹೊಳಪಿಲ್ಲದ ಕಾಗದಕ್ಕೆ, ಖಾಲಿ ಸ್ಕೆಚ್ ಮುಖಪುಟಕ್ಕೆ ಪಿಗ್ಮೆಂಟ್ ಶಾಯಿಯ ಮೈಕ್ರಾನ್ ಥರದ ಪೆನ್ನು. ಶಾರ್ಪಿ ಅಲ್ಲಿ ಹರಡುತ್ತೆ. ನ್ಯೂಸ್‌ಪ್ರಿಂಟ್ ಆದರಂತೂ ಹಿಂದಿನ ಪುಟಕ್ಕೇ ಇಳಿದುಬಿಡುತ್ತೆ, ವರ್ಷಗಳು ಕಳೆದಂತೆ ಗೆರೆಯ ಸುತ್ತ ಹಳದಿ ನೆರಳು ಕೂಡ ಏಳುತ್ತೆ. ಬಾಲ್‌ಪೆನ್ನು ಹೊಳಪಿನ ಮೇಲೆ ಜಾರುತ್ತೆ, ಒತ್ತಿ ಬರೆದರೆ ಗೀರು ಬೀಳುತ್ತೆ. ಜೆಲ್ ಪೆನ್ನು ಒಣಗಿದ ಹಾಗೆ ಕಂಡರೂ ಬೆರಳು ತಾಗಿದರೆ ಒರೆಸಿಕೊಳ್ಳುತ್ತೆ.

ಸಹಿಯ ಜಾಗ ಮಾತ್ರ ತೆರೆದು ಉಳಿದದ್ದನ್ನ ಮುಚ್ಚುವ, ಕಿಟಕಿ ಇರುವ ಚೀಲ ಮನೆಯಲ್ಲೇ ಮಾಡ್ಕೊಳ್ಳಿ. ಹೊಸ ಪಾಲಿಪ್ರೊಪಿಲೀನ್ ಚೀಲದ ಒಳಗೆ ಬರೀ ರಟ್ಟು ಇಟ್ಟು, ಸಹಿ ಬೇಕಾದ ಜಾಗದಲ್ಲಿ ಸುಮಾರು 4 ಇಂಚು ಅಗಲ, 2 ಇಂಚು ಎತ್ತರದ ಕಿಟಕಿಯನ್ನ ಬ್ಲೇಡಿನಿಂದ ಕತ್ತರಿಸಿ. ಪುಸ್ತಕ ಒಳಗೆ ಇಡೋದು ಕತ್ತರಿಸಿ ಆದ ಮೇಲೆ. ಕಿಟಕಿ ತೀರಾ ಚಿಕ್ಕದಾದರೆ ಪೆನ್ನು ಪ್ಲಾಸ್ಟಿಕ್ ಅಂಚನ್ನ ಹತ್ತಿ ಇಳಿಯುತ್ತೆ, ಆ ಅಂಚಿನ ಗೆರೆ ಮುಖಪುಟದ ಮೇಲೆ ಒತ್ತಿಕೊಳ್ಳುತ್ತೆ. ಮುಖಪುಟದ ಕೆಳಗೆ, ಅಂದರೆ ಮುಖಪುಟಕ್ಕೂ ಮೊದಲ ಪುಟಕ್ಕೂ ನಡುವೆ, ಒಂದು ತೆಳು ಆಸಿಡ್-ಮುಕ್ತ ಹಾಳೆ ಸೇರಿಸಿ. ಬೆನ್ನಿನ ತನಕ ಒತ್ತಿ ಸೇರಿಸಬೇಡಿ, ಪಿನ್ನಿನ ಹತ್ತಿರ ಕಾಗದ ಕಿತ್ತುಬರುತ್ತೆ.

ಒಣಗಿಸೋದರಲ್ಲಿ ಅವಸರ ಬೇಡ. ಶಾರ್ಪಿ ನಿಮಿಷದಲ್ಲಿ ಒಣಗಿದ ಹಾಗೆ ಕಂಡರೂ ಹತ್ತು ಹದಿನೈದು ನಿಮಿಷ ತೆರೆದೇ ಹಿಡೀರಿ. ಪೇಂಟ್ ಪೆನ್ನಿಗೆ ಅರ್ಧ ಗಂಟೆಯಾದರೂ ಬೇಕು. ಮನೆಗೆ ಬಂದ ಮೇಲೆ ಚೀಲದಿಂದ ತೆಗೆದು, ಫ್ಯಾನ್ ಗಾಳಿ ನೇರ ಬೀಳದ ಕಡೆ ರಾತ್ರಿಯಿಡೀ ಬಿಡಿ. ಹಸಿ ಇರುವಾಗಲೇ ಮೈಲಾರ್ (ಗಟ್ಟಿ ಪಾರದರ್ಶಕ ಪಾಲಿಯೆಸ್ಟರ್ ಚೀಲ) ಹಾಕಿ ಮುಚ್ಚಿದರೆ ಸಹಿಯ ಕನ್ನಡಿ ಬಿಂಬ ಪ್ಲಾಸ್ಟಿಕ್ ಮೇಲೆ ಮೂಡುತ್ತೆ, ಅಷ್ಟು ಶಾಯಿ ಪುಸ್ತಕದಿಂದ ಹೋದ ಹಾಗೆ.

ಬಿಬಿ ರಸ್ತೆ ಕಾಮಿಕ್ಸ್ (ಚಿಕ್ಕಬಳ್ಳಾಪುರ)

ಅಕ್ಕ ಹೇಳಿದ್ದಕ್ಕೆ ಎರಡು ಉದಾಹರಣೆ.

1991ರ ಎಕ್ಸ್-ಮೆನ್ ಮೊದಲ ಸಂಚಿಕೆಗೆ ಐದು ಮುಖಪುಟ ಇವೆ. ನಾಲ್ಕನ್ನ ಜೋಡಿಸಿದರೆ ಒಂದೇ ದೊಡ್ಡ ಚಿತ್ರ, ಐದನೇದು ಅದೇ ಚಿತ್ರದ ಮಡಿಸುವ ಆವೃತ್ತಿ. 80 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟ ಆದ ಪುಸ್ತಕ, ಹಾಗಾಗಿ ಸಹಿ ಇಲ್ಲದ ಪ್ರತಿ ಅಗ್ಗ. ಸಹಿ ಸಂಗ್ರಹ ಶುರು ಮಾಡೋರಿಗೆ ಇದಕ್ಕಿಂತ ಒಳ್ಳೇ ಪುಸ್ತಕ ಇಲ್ಲ ಅಂತ ನನ್ನ ಅಭಿಪ್ರಾಯ: ಪೆನ್ನು ಜಾರಿದರೂ ದೊಡ್ಡ ನಷ್ಟ ಇಲ್ಲ. ಚಿತ್ರ ಜಿಮ್ ಲೀ, ಇಂಕಿಂಗ್ (ಪೆನ್ಸಿಲ್ ಚಿತ್ರಕ್ಕೆ ಶಾಯಿಯ ಗೆರೆ) ಸ್ಕಾಟ್ ವಿಲಿಯಮ್ಸ್, ಬರವಣಿಗೆ ಕ್ರಿಸ್ ಕ್ಲೇರ್ಮಾಂಟ್. ಮುಂದೆ ಇನ್ನಿಬ್ಬರ ಸಹಿಯೂ ಬೇಕು ಅಂದ್ಕೊಂಡರೆ ಮೊದಲನೆಯವರಿಗೆ ಮಧ್ಯದ ಜಾಗ ಕೊಡಬೇಡಿ. ಮಡಿಸುವ ಆವೃತ್ತಿಯಲ್ಲಿ ಮಡಿಕೆಯ ಗೆರೆ ದಾಟಿ ಬರೆಸಬೇಡಿ, ಪ್ರತಿ ಸಲ ಬಿಚ್ಚಿದಾಗಲೂ ಶಾಯಿ ಅಲ್ಲೇ ಬಿರಿಯುತ್ತೆ.

ಇನ್ನೊಂದು, ಸೂಪರ್‌ಮ್ಯಾನ್ ಸಾಯುವ 75ನೇ ಸಂಚಿಕೆ. 1992ರಲ್ಲಿ ಬಂದಿದ್ದು, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿದ ಪ್ರತಿ. ಬರೆದು ಚಿತ್ರಿಸಿದವರು ಡ್ಯಾನ್ ಜರ್ಗನ್ಸ್. ಆ ಕಪ್ಪು ಚೀಲದ ಮೇಲೇ ಬೆಳ್ಳಿ ಪೆನ್ನಿನಲ್ಲಿ ಸಹಿ ಹಾಕಿಸೋರಿದ್ದಾರೆ. ಚೀಲ ಬಾಗಿದಂತೆಲ್ಲ ಬಣ್ಣ ಬಿರಿದು ಉದುರುತ್ತೆ. ಬಿಚ್ಚಿದ ಪ್ರತಿಯೋ, ಚೀಲ ಇಲ್ಲದೇ ಬಂದ ಪ್ರತಿಯೋ ತಗೊಂಡು ಕಾಗದದ ಮುಖಪುಟದ ಮೇಲೆ ಹಾಕಿಸಿ.

ಹೊಸಬರಿಗೆ ಆಗುವ ಗೊಂದಲ ಇನ್ನೊಂದಿದೆ. ಜಾರ್ಜ್ ಪೆರೆಜ್ ಥರದ ಕಲಾವಿದರು ಚಿತ್ರದ ಒಳಗೇ ಹೆಸರು ಬರೆದಿರ್ತಾರೆ, ಅದು ಮುಖಪುಟದ ಜೊತೆ ಅಚ್ಚಾಗಿರುತ್ತೆ. ಅದನ್ನ ತೋರಿಸಿ "ಸಹಿ ಇದೆ" ಅಂತ ಮಾರ್ತಾರೆ. ಪೋಸ್ಟರ್, ಪ್ರಿಂಟ್‌ಗಳಿಗೂ ಇದೇ ಮಾತು. ಪ್ರಿಂಟ್‌ನ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದ ಸಹಿ, 45/250 ಅಂತ ಸಂಖ್ಯೆ (250ರಲ್ಲಿ 45ನೇ ಪ್ರತಿ) ಇದ್ದರೆ ಆ ಪೆನ್ಸಿಲ್ ಗೆರೆ ಓರೆ ಬೆಳಕಿನಲ್ಲಿ ಬೂದು ಹೊಳಪು ಕೊಡಬೇಕು. ಅಚ್ಚಾದದ್ದು ಮಂಕಾಗಿಯೇ ಇರುತ್ತೆ.

ಪಾವಗಡ ಪುಟಗಳು (ತುಮಕೂರು)

ಎಲ್ಲರೂ ಅಮೆರಿಕದ ಹೆಸರುಗಳನ್ನೇ ಹೇಳ್ತಿದ್ದೀರಿ. ಸ್ಪೈಡರ್-ಮ್ಯಾನ್ ಇಂಡಿಯಾ ಬಗ್ಗೆ ಕೇಳಿದ್ದರಲ್ಲ, ಅದನ್ನೇ ಹಿಡಿದು ಹೇಳ್ತೀನಿ.

2004ರಲ್ಲಿ ಬಂದ ನಾಲ್ಕು ಸಂಚಿಕೆ. ಪವಿತ್ರ್ ಪ್ರಭಾಕರ್ ಅನ್ನೋ ಮುಂಬೈ ಹುಡುಗನಿಗೆ ಪಂಚೆ ಥರ ಉಡಿಸಿ ಆ ಉಡುಪು ರೂಪಿಸಿದವರು ಜೀವನ್ ಜೆ. ಕಾಂಗ್. ಭಾರತದಲ್ಲಿ ಗೋಥಮ್ ಕಾಮಿಕ್ಸ್ ತಂದ ಪ್ರತಿಯಲ್ಲಿ ರೂಪಾಯಿ ಬೆಲೆ ಇರುತ್ತೆ, ಮಾರ್ವೆಲ್ ಅಮೆರಿಕದಲ್ಲಿ ತಂದದ್ದರಲ್ಲಿ ಡಾಲರ್ ಬೆಲೆ. ಸಹಿ ಹಾಕಿಸೋದಾದರೆ ರೂಪಾಯಿ ಬೆಲೆಯ ಪ್ರತಿಗೇ ಹಾಕಿಸಿ, ಅದೇ ನಮ್ಮದು. ಸ್ಟಾನ್ ಲೀ ಜೊತೆ ಸೇರಿ ಇಲ್ಲಿಯವರು ಮಾಡಿದ ಚಕ್ರ ಅನ್ನೋ ಸೂಪರ್‌ಹೀರೋಗೂ ಜೀವನ್ ಕಾಂಗ್ ಕೆಲಸ ಮಾಡಿದ್ದಾರೆ. 2006ರಲ್ಲಿ ಶುರುವಾದ ವರ್ಜಿನ್ ಕಾಮಿಕ್ಸ್‌ಗೆ ಬೆಂಗಳೂರಿನಲ್ಲೇ ಸ್ಟುಡಿಯೋ ಇತ್ತು. ಅಲ್ಲಿ 'ದೇವಿ' ಚಿತ್ರಿಸಿದ ಮುಕೇಶ್ ಸಿಂಗ್ ಅವರ ಕೆಲಸ ಒಮ್ಮೆ ನೋಡಿ. ಆನಂದ್ ಆರ್.ಕೆ. 2021ರಲ್ಲಿ ಕಾಮಿಕ್ಸ್ ಲೋಕದ ದೊಡ್ಡ ಗೌರವವಾದ ಐಸ್ನರ್ ಪ್ರಶಸ್ತಿ ಹಂಚಿಕೊಂಡರು. ಇವರೆಲ್ಲ ಇಲ್ಲಿಂದ ಕೆಲಸ ಮಾಡಿ ಹೆಸರು ಮಾಡಿದವರು. ಮೇಜಿನ ಎದುರು ನಿಂತು ಹಾಕಿಸಿಕೊಂಡ ಸಹಿಗೆ ಯಾವ ಹೊಲೊಗ್ರಾಂ ಬೇಕು? ಊರುಗಟ್ಟಲೆ ಕೈ ಬದಲಾಗಿ ಬಂದ ಸ್ಟಾನ್ ಲೀ ಸಹಿಗಿಂತ ಇದನ್ನೇ ನಾನು ಮೇಲೆ ಇಡ್ತೀನಿ.

ನಾಗರಾಜನ ವಿಚಾರ. ಮೊದಲ ವರ್ಷಗಳ ಚಿತ್ರ ಪ್ರತಾಪ್ ಮುಲಿಕ್ ಅವರದು. ಆಮೇಲೆ ಅನುಪಮ್ ಸಿನ್ಹಾ ಬಂದರು, ಸೂಪರ್ ಕಮಾಂಡೋ ಧ್ರುವನನ್ನ 1987ರಲ್ಲಿ ಸೃಷ್ಟಿಸಿದವರೂ ಅವರೇ. ಯಾವ ಸಂಚಿಕೆ ಯಾರು ಚಿತ್ರಿಸಿದ್ದು ಅಂತ ಮೊದಲ ಪುಟ ನೋಡದೆ ಒಬ್ಬರ ಪುಸ್ತಕ ಇನ್ನೊಬ್ಬರ ಮುಂದೆ ಹಿಡಿಯೋದು ಕಲಾವಿದರಿಗೆ ಮಾಡುವ ಅವಮಾನ. ರಾಜ್ ಕಾಮಿಕ್ಸ್ ಮರುಮುದ್ರಣಗಳು ಬಹಳ. ಮುಖಪುಟದಲ್ಲಿ ಮನೋಜ್ ಗುಪ್ತಾ ಅಥವಾ ಸಂಜಯ್ ಗುಪ್ತಾ ಹೆಸರಿನ ಲಾಂಛನ ಇದ್ದರೆ ಅದು ಸಂಸ್ಥೆ ಬೇರೆಯಾದ ಮೇಲಿನ ಹೊಸ ಮುದ್ರಣ. ಸಹಿಗೆ ಹೊಸ ಮುದ್ರಣವೇ ವಾಸಿ ಅನ್ನೋದು ನನ್ನ ವಾದ. ಹಳೇ ಮೊದಲ ಮುದ್ರಣದ ಕಾಗದ ಈಗಾಗಲೇ ಕಂದಾಗಿ ಅಂಚು ಪುಡಿಯಾಗ್ತಿರುತ್ತೆ, ಅದರ ಮೇಲೆ ಮಾರ್ಕರ್ ಯಾಕೆ?

ಅಂತರಗಂಗೆ (ಕೋಲಾರ)

ಇಲ್ಲಿ ನಾನು ಪೂರ್ತಿ ಒಪ್ಪಲ್ಲ. ಹೊಸ ಮುದ್ರಣಕ್ಕೆ ಸಹಿ ಇದ್ದರೂ ಅದು ಹೊಸ ಮುದ್ರಣವೇ. ಮೊದಲ ಮುದ್ರಣದ ಕಾಗದ ಗಟ್ಟಿ ಇದ್ದರೆ, ಪುಟ ನಿಧಾನವಾಗಿ ಬಾಗಿಸಿದಾಗ ಮುರಿಯದಿದ್ದರೆ, ಮುಖಪುಟದ ಒಳಬದಿಯ ಖಾಲಿ ಅಂಚಿನಲ್ಲಿ ಮೈಕ್ರಾನ್‌ನಿಂದ ಹಾಕಿಸಬಹುದು.

ಕಾಗದದಕ್ಕ (ಶಿಡ್ಲಘಟ್ಟ)

ಇಬ್ಬರ ಮಾತಿಗೂ ನಡುವೆ ಒಂದು ದಾರಿ ಇದೆ. ಆಸಿಡ್-ಮುಕ್ತ ದಪ್ಪ ಕಾಗದವನ್ನ 3×4 ಇಂಚು ಕತ್ತರಿಸಿ ಅದರ ಮೇಲೆ ಸಹಿ, ಬೇಕಾದರೆ ಪುಟ್ಟ ಚಿತ್ರ ಹಾಕಿಸಿ. ಪುಸ್ತಕಕ್ಕೆ ಅಂಟಿಸಬೇಡಿ, ಅದೇ ಮೈಲಾರ್‌ನೊಳಗೆ ರಟ್ಟಿನ ಹಿಂದೆ ಇಡಿ. ಇಂದ್ರಜಾಲ ಕಾಮಿಕ್ಸ್‌ನ ಹಳೇ ಕನ್ನಡ ಪ್ರತಿಗಳು, ಬಾಲಮಂಗಳದ ಡಿಂಗನ ಸಂಚಿಕೆಗಳಿಗೆ ಇದೊಂದೇ ದಾರಿ. ಆ ಕಾಗದ ಮಾರ್ಕರ್ ತಡೆಯಲ್ಲ. ಡಿಂಗನೂ ಸೂಪರ್‌ಹೀರೋನೇ, ಅವನನ್ನ ಯಾರೂ ಜೋಪಾನ ಮಾಡಿಲ್ಲ ಅನ್ನೋದು ನನಗೆ ನಿಜಕ್ಕೂ ಬೇಜಾರು. ಮನೆಯಲ್ಲಿ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.

ಈಗ ಇಡುವ ವಿಚಾರ.

ಚೀಲ: ಪಾಲಿಪ್ರೊಪಿಲೀನ್ ಅಗ್ಗ, ಮೂರರಿಂದ ಐದು ವರ್ಷಕ್ಕೆ ಬದಲಿಸಬೇಕು. ಹಳದಿ ತಿರುಗಿದರೆ, ಅಲೆ ಅಲೆಯಾದರೆ ಅದಕ್ಕೂ ಮೊದಲೇ ಬದಲಿಸಿ. ಸಹಿ ಇರುವುದಕ್ಕೆ 2 ಮಿಲ್ ಅಥವಾ 4 ಮಿಲ್ ದಪ್ಪದ ಮೈಲಾರ್ ಹಾಕಿ (ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ). ಬಟ್ಟೆ ಅಂಗಡಿಯ ಕವರ್ ಬೇಡ. ಈಗಿನ ಅಮೆರಿಕನ್ ಕಾಮಿಕ್ ಸುಮಾರು 6⅝×10¼ ಇಂಚು, ಅದಕ್ಕೆ 'ಕರೆಂಟ್' ಅನ್ನೋ ಹೆಸರಿನ ಅಳತೆಯ ಚೀಲ ಸರಿ. ನಮ್ಮ ದೇಶದ ಪುಸ್ತಕಗಳ ಅಳತೆ ಒಂದೊಂದು ಥರ, ಸ್ಕೇಲ್ ಇಟ್ಟು ಅಳೆದು ಅಗಲಕ್ಕೆ ಕಾಲು ಇಂಚು ಸೇರಿಸಿ. ಬಿಗಿ ಚೀಲಕ್ಕೆ ತುರುಕಿದರೆ ಮೂಲೆ ಮಡಚುತ್ತೆ.

ರಟ್ಟು: ಆಸಿಡ್-ಮುಕ್ತ, 24 ಪಾಯಿಂಟ್ ದಪ್ಪದ್ದು. ಮಾವಿನಹಣ್ಣಿನ ಪೆಟ್ಟಿಗೆಯ ರಟ್ಟು, ಶರ್ಟಿನ ಒಳಗಿನ ರಟ್ಟು ಹಾಕಿದರೆ ಅದರ ಆಮ್ಲ ಕಾಗದಕ್ಕೆ ಇಳಿದು ಹಿಂದಿನ ಮುಖಪುಟ ಕಂದಾಗುತ್ತೆ.

ತೇವ: ಗಾಳಿಯ ತೇವಾಂಶ 40ರಿಂದ 50 ಶೇಕಡಾ ಇದ್ದರೆ ಒಳ್ಳೇದು. ಎಸಿ ಇಲ್ಲದ ಮನೆಯಲ್ಲಿ ಅಷ್ಟು ಕರಾರುವಾಕ್ಕಾಗಿ ಆಗಲ್ಲ, ಆದರೆ ಏರುಪೇರು ತಪ್ಪಿಸಬಹುದು. ಬೇಸಿಗೆಯಲ್ಲಿ ಒಣಗಿ ಮಳೆಗಾಲದಲ್ಲಿ ಉಬ್ಬಿದರೆ ಮುಖಪುಟ ಅಲೆ ಅಲೆಯಾಗುತ್ತೆ, ಪಿನ್ನು ತುಕ್ಕು ಹಿಡಿಯುತ್ತೆ. ನಮ್ಮ ಕಡೆ ರೇಷ್ಮೆ ಸಾಕಣೆ ಸಾಮಾನಿನ ಅಂಗಡಿಯಲ್ಲಿ ಒಣ-ಹಸಿ ಬಲ್ಬಿನ ತೇವಮಾಪಕ ಸಿಗುತ್ತೆ, ಅದನ್ನೇ ಬೀರು ಇರುವ ಕೋಣೆಯಲ್ಲಿ ತೂಗುಹಾಕಿ. ಹುಳು ಸಾಕುವ ಮನೆಗೆ ಅಂಟಿದ ಕೋಣೆಯಲ್ಲಿ ಮಾತ್ರ ಪುಸ್ತಕ ಇಡಬೇಡಿ. ಅಲ್ಲಿ ಬೇಕಂತಲೇ ತೇವ 70 ದಾಟಿಸ್ತಾರೆ, ಸ್ವಚ್ಛ ಮಾಡೋಕೆ ಬ್ಲೀಚಿಂಗ್ ಪುಡಿ ಹೊಡೀತಾರೆ. ಅದರ ಕ್ಲೋರಿನ್ ಗಾಳಿಗೆ ಕಾಗದವೂ ಹಾಳು, ಶಾಯಿಯ ಬಣ್ಣವೂ ಹಾಳು.

ಕಾಮಿಕ್ಸ್ ನಿಲ್ಲಿಸಿ ಇಡುವ ಒಂದು ಶಾರ್ಟ್ ಬಾಕ್ಸ್‌ಗೆ 50 ಗ್ರಾಂನ ಎರಡು ಸಿಲಿಕಾ ಜೆಲ್ ಚೀಲ ಸಾಕು. ಕಿತ್ತಳೆ ಬಣ್ಣದ್ದು ತಗೊಳ್ಳಿ. ಬಣ್ಣ ಬದಲಾದಾಗ ಒವೆನ್‌ನಲ್ಲಿ 120 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ಬಳಕೆಗೆ ಬರುತ್ತೆ. ನುಸಿಗುಳಿಗೆ ಬೇಡ. ವಾಸನೆ ಕಾಗದಕ್ಕೆ ಹಿಡಿದರೆ ಹೋಗಲ್ಲ, ಆ ಆವಿಗೆ ಕೆಲವು ಪ್ಲಾಸ್ಟಿಕ್ ಮೆತ್ತಗಾಗುತ್ತೆ. ಬೇವಿನ ಸೊಪ್ಪು ಇಡೋದಾದರೆ ಪೂರ್ತಿ ಒಣಗಿಸಿ, ಬಟ್ಟೆಯಲ್ಲಿ ಕಟ್ಟಿ, ಬಾಕ್ಸಿನ ಹೊರಗೆ ಬೀರುವಿನ ಮೂಲೆಯಲ್ಲಿ ಇಡಿ.

ಅಟ್ಟ ಬೇಡ, ಏಪ್ರಿಲ್‌ನಲ್ಲಿ ಆರ್‌ಸಿಸಿ ಕೆಳಗಿನ ಅಟ್ಟ ಒಲೆಯ ಹಾಗೆ ಕಾಯುತ್ತೆ. ನೆಲದ ಮೇಲೂ ಬೇಡ, ಗೆದ್ದಲು. ಮಳೆ ಹೊಡೆಯುವ ಹೊರಗೋಡೆಗೆ ಆನಿಸಿದ ಬೀರುವಿಗೂ ಗೋಡೆಗೂ ನಾಲ್ಕು ಬೆರಳು ಜಾಗ ಬಿಡಿ. ಕಲ್ಲು ಕ್ರಷರ್ ಹತ್ತಿರದ ಊರಿನವರು ಬೀರುವಿನ ಬಾಗಿಲ ಸಂದಿಗೆ ಫೋಮ್ ಪಟ್ಟಿ ಅಂಟಿಸಿ. ಆ ಧೂಳು ಉಪ್ಪುಕಾಗದದ ಥರ, ಒರೆಸಿದರೆ ಹೊಳಪಿನ ಮುಖಪುಟದಲ್ಲಿ ಗೀರು ಬೀಳುತ್ತೆ. ಮೊದಲು ಊದಿ, ಆಮೇಲೆ ಮೃದು ಬ್ರಷ್.

ಶಿರಾಗೇಟ್ (ತುಮಕೂರು)

ಅಕ್ಕ, ಗೋಡೆಗೆ ಫ್ರೇಮ್ ಹಾಕಿ ತೂಗುಹಾಕಬಹುದಾ?

ಕಾಗದದಕ್ಕ (ಶಿಡ್ಲಘಟ್ಟ)

ಅಸಲಿಯನ್ನ ಬೇಡ ಅಂತಲೇ ಹೇಳ್ತೀನಿ. ಶಾರ್ಪಿ ಬಣ್ಣ ಬೆಳಕಿಗೆ ಮಾಸುತ್ತೆ. ಕೆಂಪು, ನೇರಳೆ ಮೊದಲು ಹೋಗುತ್ತೆ, ಕಪ್ಪು ಕಂದಾಗುತ್ತೆ. ಹಾಕಲೇಬೇಕು ಅಂದರೆ ಯುವಿ ತಡೆಯುವ ಅಕ್ರಿಲಿಕ್, ಆಸಿಡ್-ಮುಕ್ತ ಮೌಂಟ್, ಬಿಸಿಲು ಬೀಳದ ಗೋಡೆ. ಗಾಜು ಮುಖಪುಟಕ್ಕೆ ನೇರ ತಾಗಬಾರದು, ಮಳೆಗಾಲದಲ್ಲಿ ಅಂಟಿಕೊಳ್ಳುತ್ತೆ. ದೇವರ ಪಟಕ್ಕೆ ಕಟ್ಟು ಹಾಕುವ ಅಂಗಡಿಯಲ್ಲಿ ಕೊಟ್ಟರೆ ಹಿಂದೆ ಹಾರ್ಡ್‌ಬೋರ್ಡ್ ಇಟ್ಟು ಗೋಂದು ಹಚ್ಚಿಬಿಡ್ತಾರೆ, ಅಂಟು ಬೇಡ ಅಂತ ಎದುರಿಗೇ ನಿಂತು ಹೇಳಿ ಮಾಡಿಸಿ. ಲ್ಯಾಮಿನೇಷನ್ ಮಾಡಿಸಿದರೆ ಪುಸ್ತಕ ಹೋದ ಹಾಗೇ, ತೆಗೆಯುವ ದಾರಿ ಇಲ್ಲ. ಒಳ್ಳೇ ಉಪಾಯ ಅಂದರೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಅದರ ಪ್ರಿಂಟ್‌ಗೆ ಫ್ರೇಮ್ ಹಾಕಿಸೋದು.

ಬಿಬಿ ರಸ್ತೆ ಕಾಮಿಕ್ಸ್ (ಚಿಕ್ಕಬಳ್ಳಾಪುರ)

ಕಾಮಿಕ್ ಕಾನ್ ದಿನದ ಬಗ್ಗೆ. ಇತ್ತೀಚೆಗೆ ವೈಟ್‌ಫೀಲ್ಡ್‌ನ ಕೆಟಿಪಿಒ ವಸ್ತುಪ್ರದರ್ಶನ ಕೇಂದ್ರದಲ್ಲಿ ನಡೀತಿದೆ. ಕೋಲಾರದ ಕಡೆಯವರು ಬಂಗಾರಪೇಟೆಯಿಂದ ಮೆಮು ಹತ್ತಿ ವೈಟ್‌ಫೀಲ್ಡ್‌ನಲ್ಲಿ ಇಳಿದರೆ ಪಕ್ಕದಲ್ಲೇ ನೇರಳೆ ಮಾರ್ಗದ ಮೆಟ್ರೊ. ತುಮಕೂರಿನವರು ಮಾದಾವರದಲ್ಲಿ ಬಸ್ ಇಳಿದು ಹಸಿರು ಮಾರ್ಗ ಹಿಡಿದು ಮೆಜೆಸ್ಟಿಕ್‌ನಲ್ಲಿ ಬದಲಿಸಬಹುದು. ಪುಸ್ತಕ ಕೈಚೀಲದಲ್ಲಿ ಬೇಡ, ಗಟ್ಟಿ ಬಾಕ್ಸ್ ಫೈಲ್‌ನಲ್ಲಿ ಇಟ್ಟು ಬ್ಯಾಗಿನ ಬೆನ್ನಿನ ಕಡೆ ನಿಲ್ಲಿಸಿ. ನೀರಿನ ಬಾಟಲಿ ಬೇರೆ ಖಾನೆಯಲ್ಲಿರಲಿ.

ಕಲಾವಿದರ ಮೇಜಿನ ಹತ್ತಿರ ಮೊದಲು ಅವರದೇ ಒಂದು ಪ್ರಿಂಟೋ ಪುಸ್ತಕವೋ ಕೊಳ್ಳಿ. ಒಬ್ಬರಿಗೆ ಎಷ್ಟು ಸಹಿ, ದುಡ್ಡು ಇದೆಯಾ ಅಂತ ಕೇಳಿ. ಕೇಳದೆ ಹತ್ತು ಪುಸ್ತಕ ಮುಂದಿಡಬೇಡಿ, ಹಿಂದೆ ಸಾಲು ಇರುತ್ತೆ. ನಿಮ್ಮ ಹೆಸರಿಗೆ ಬರೆಸಿಕೊಂಡರೆ ಮುಂದೆ ಮಾರುವಾಗ ಬೆಲೆ ಕಡಿಮೆ ಅಂತಾರೆ, ನಿಜ. ಆದರೆ ಮಾರುವ ಯೋಚನೆ ಇಲ್ಲದವರು ಹೆಸರು ಬರೆಸಿಕೊಳ್ಳಿ. ಮಾರಾಟಕ್ಕೆ ಬಂದವರಲ್ಲ ಅಂತ ಕಲಾವಿದರಿಗೂ ಖುಷಿ, ಎಷ್ಟೋ ಸಲ ಜೊತೆಗೊಂದು ಸಣ್ಣ ಮುಖ ಬಿಡಿಸಿಕೊಡ್ತಾರೆ.

ಹೊರದೇಶದಿಂದ ತರಿಸೋದಾದರೆ: ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, 2019ರ ಬಜೆಟ್‌ನಲ್ಲಿ 5 ಶೇಕಡಾ ಕಸ್ಟಮ್ಸ್ ಸುಂಕ ಬಂತು. ಪ್ರಿಂಟ್, ಮೂಲ ಚಿತ್ರ, ಗೊಂಬೆಗಳಿಗೆ ಲೆಕ್ಕವೇ ಬೇರೆ. ಸ್ಲ್ಯಾಬ್ ಅನ್ನು ಪುಸ್ತಕ ಅಂತ ನೋಡದೇ ಇರಬಹುದು, ಹಾಗಾಗಿ ಬಿಲ್ಲಿನಲ್ಲಿ ಮುದ್ರಿತ ಕಾಮಿಕ್ ಪುಸ್ತಕ ಅಂತ ಸ್ಪಷ್ಟವಾಗಿ ಬರೆಯಿಸಿ, ನಿಜವಾದ ಬೆಲೆಯನ್ನೇ ಹಾಕಿಸಿ. ಬೆಲೆ ಕಡಿಮೆ ತೋರಿಸಿದರೆ ಕಳೆದುಹೋದಾಗ ವಿಮೆಯೂ ಅಷ್ಟಕ್ಕೇ. ದೇಶದೊಳಗೆ ಕಳಿಸೋಕೆ ಸ್ಪೀಡ್ ಪೋಸ್ಟ್. ರಿಜಿಸ್ಟರ್ಡ್ ಅಂಚೆಯನ್ನ 2025ರಲ್ಲಿ ಅದರಲ್ಲೇ ಸೇರಿಸಿದ್ದಾರೆ. ಪುಸ್ತಕದ ಎರಡೂ ಬದಿಗೆ ಅದಕ್ಕಿಂತ ಒಂದು ಇಂಚು ದೊಡ್ಡ ರಟ್ಟು ಇಡಿ, ಒಂದರ ಪದರದ ಗೆರೆ ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ. ಆಗ ಯಾವ ಕಡೆಗೂ ಬಾಗಲ್ಲ.

ಶಿರಾಗೇಟ್ (ತುಮಕೂರು)

ಕೊನೇದೊಂದು. ಸ್ಲ್ಯಾಬ್ ಮಾಡಿಸದೇ ಇದ್ದರೆ, ನಾಳೆ ಯಾರಾದರೂ ಕೇಳಿದಾಗ ಸಹಿ ಅಸಲಿ ಅಂತ ತೋರಿಸೋದು ಹೇಗೆ?

ಅಂತರಗಂಗೆ (ಕೋಲಾರ)

ಸಹಿ ಹಾಕುವ ಹೊತ್ತಲ್ಲೇ ಜೊತೆಯವರಿಂದ ವಿಡಿಯೊ ಮಾಡಿಸಿ, ಹತ್ತು ಸೆಕೆಂಡ್ ಸಾಕು. ಒಂದೇ ಚೌಕಟ್ಟಿನಲ್ಲಿ ಕಲಾವಿದರ ಮುಖ, ಪೆನ್ನಿನ ಮೊನೆ, ಮುಖಪುಟ ಮೂರೂ ಇರಬೇಕು. ಪಕ್ಕ ನಿಂತು ತೆಗೆದ ಸೆಲ್ಫಿಯಿಂದ ಸಹಿ ಸಾಬೀತಾಗಲ್ಲ. ಕಲಾವಿದರ ಅನುಮತಿ ಮೊದಲೇ ಕೇಳಿ. ಆಮೇಲೆ ಒಣಗಿದ ಸಹಿಯ ಹತ್ತಿರದ ಫೋಟೊ, ಜೊತೆಗೆ ಅದೇ ಪ್ರತಿಯದು ಅಂತ ಗುರುತಾಗುವ ಬೆನ್ನಿನ ಗೆರೆ, ಮೂಲೆಯ ಮಡಿಕೆಯ ಫೋಟೊ ತೆಗೆಯಿರಿ. ವಾಟ್ಸಾಪ್‌ನಲ್ಲಿ ಕಳಿಸಿಕೊಂಡರೆ ಫೋಟೊ ಕುಗ್ಗಿ ದಿನಾಂಕದ ಮಾಹಿತಿಯೂ ಹೋಗುತ್ತೆ, ಮೂಲ ಫೈಲ್ ಅನ್ನೇ ಎರಡು ಕಡೆ ಇಡಿ.

ಟಿಕೆಟ್, ಮೇಜಿನಲ್ಲಿ ಕೊಂಡದ್ದರ ರಸೀದಿಯನ್ನೂ ಸ್ಕ್ಯಾನ್ ಮಾಡಿ. ಥರ್ಮಲ್ ಕಾಗದದ ರಸೀದಿ ಒಂದೆರಡು ವರ್ಷದಲ್ಲಿ ಖಾಲಿ ಹಾಳೆ ಆಗುತ್ತೆ, ಪುಸ್ತಕದ ಚೀಲದೊಳಗೂ ಅದನ್ನ ಇಡಬಾರದು. ರಟ್ಟಿನ ಹಿಂಬದಿಯಲ್ಲಿ 2ಬಿ ಪೆನ್ಸಿಲ್‌ನಿಂದ ಕಲಾವಿದರ ಹೆಸರು, ದಿನಾಂಕ, ಜಾಗ, ಯಾವ ಪೆನ್ನು ಅಂತ ಬರೆಯಿರಿ. ರಟ್ಟನ್ನ ಚೀಲದಿಂದ ಹೊರಗೆ ತೆಗೆದು ಬರೆಯಿರಿ, ಪುಸ್ತಕ ಮೇಲಿರುವಾಗ ಬರೆದರೆ ಅಕ್ಷರ ಹಿಂದಿನ ಮುಖಪುಟಕ್ಕೆ ಒತ್ತಿಕೊಳ್ಳುತ್ತೆ.